1951ರ ಷೆವರ್ಲೆ ಪಿಕಪ್: ಡ್ಯಾಶ್‌ಬೋರ್ಡ್ ಹಿಂದೆ ಕೈ ಹಾಕಿದ್ದೇನೆ, ತಿಳಿದವರು ದಾರಿ ಹೇಳಿ

ನರ್ಸರಿ ಮೊಮ್ಮಗ

ಎಲ್ಲರಿಗೂ ನಮಸ್ಕಾರ. ಲಾಲ್‌ಬಾಗ್ ಪಕ್ಕ ಸಿದ್ದಾಪುರದಲ್ಲಿ ನಮ್ಮ ತಾತ ನರ್ಸರಿ ಇಟ್ಟಿದ್ದರು. ಕುಂಡ, ಕೆಂಪು ಮಣ್ಣು, ಗೊಬ್ಬರ ಸಾಗಿಸಲು ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡ ಷೆವರ್ಲೆ ಪಿಕಪ್ ಈಗ ನನ್ನ ಪಾಲಿಗೆ ಬಂದಿದೆ. ಬಾಂಬೆಯ ಸೇವ್ರಿಯಲ್ಲಿ ಜನರಲ್ ಮೋಟಾರ್ಸ್‌ನವರು 1928ರಿಂದ 1954ರವರೆಗೆ ಗಾಡಿ ಜೋಡಿಸುತ್ತಿದ್ದರಲ್ಲ, ಇದೂ ಅಲ್ಲಿಂದಲೇ ಬಂದದ್ದು ಅಂತ ತಾತ ಹೇಳುತ್ತಿದ್ದರು. ಎಂಜಿನ್ ಚೆನ್ನಾಗಿದೆ. 216 ಕ್ಯೂಬಿಕ್ ಇಂಚಿನ ಆರು ಸಿಲಿಂಡರ್, ಈಗಲೂ ಎರಡನೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ.

ತೊಂದರೆ ಇರುವುದೆಲ್ಲ ಡ್ಯಾಶ್‌ಬೋರ್ಡ್ ಹಿಂದೆ. ಪೆಟ್ರೋಲ್ ಮುಳ್ಳು ಯಾವಾಗಲೂ ಫುಲ್ ತೋರಿಸುತ್ತದೆ. ಮೀಟರ್ ಒಳಗಿನ ಬಲ್ಬ್ ಒಂದೂ ಉರಿಯುವುದಿಲ್ಲ. ಆಂಪಿಯರ್ ಮುಳ್ಳು ನಡುಗುತ್ತದೆ. ಹೋದ ವಾರ ಸಂಜೆ ಹೆಡ್‌ಲೈಟ್ ಹಾಕಿಕೊಂಡು ಹತ್ತು ನಿಮಿಷ ಓಡಿಸಿದ ಮೇಲೆ ರಬ್ಬರ್ ಸುಟ್ಟ ವಾಸನೆ ಬಂತು, ಸ್ಟೀರಿಂಗ್ ಕೆಳಗಿಂದ ತೆಳ್ಳಗೆ ಹೊಗೆ ಎದ್ದಿತು. ತಕ್ಷಣ ಬ್ಯಾಟರಿ ಕಳಚಿದೆ.

ಕೆಳಗೆ ಮಲಗಿ ಟಾರ್ಚ್ ಬಿಟ್ಟು ನೋಡಿದರೆ ಬಟ್ಟೆ ಸುತ್ತಿದ ಹಳೇ ವೈರ್‌ಗಳ ನಡುವೆ ಮನೆ ವೈರಿಂಗ್‌ನ ಕೆಂಪು, ಹಸಿರು ವೈರ್ ಸೇರಿಸಿ ಟೇಪ್ ಸುತ್ತಿದ್ದಾರೆ. ಇಲಿ ಗೂಡು ಬೇರೆ. ಒಬ್ಬ ಎಲೆಕ್ಟ್ರಿಷಿಯನ್ ಬಂದು ನೋಡಿ, ಎಲ್ಲ ಕಿತ್ತು ಬಿಸಾಕಿ, 6 ವೋಲ್ಟ್‌ನ ಈ ಗಾಡಿಯನ್ನು 12 ವೋಲ್ಟ್ ಮಾಡಿ ಹೊಸ ಪ್ಲಾಸ್ಟಿಕ್ ಮೀಟರ್ ಹಾಕೋಣ ಅಂದರು. ನನಗೆ ಮನಸ್ಸು ಬರುತ್ತಿಲ್ಲ. ತಾತ ನೋಡುತ್ತಿದ್ದ ಅದೇ ಎರಡು ದುಂಡು ಮೀಟರ್ ನನಗೂ ಬೇಕು. ನಾನೇ ಮಾಡಬಹುದಾ? ಎಲ್ಲಿಂದ ಶುರು ಮಾಡಲಿ?

ಜೆ.ಸಿ. ರೋಡ್ ಹಳಬ

ಮಾಡಬಹುದು ಕಣಪ್ಪ. ನಲವತ್ತು ವರ್ಷ ಆಟೋ ಎಲೆಕ್ಟ್ರಿಕ್ ಕೆಲಸ ಮಾಡಿದವನು ಹೇಳುತ್ತಿದ್ದೇನೆ, ಧೈರ್ಯವಾಗಿ ಮಾಡು. ಆದರೆ ಆತುರ ಬೇಡ.

ಮೊದಲು ಒಂದು ಎಚ್ಚರಿಕೆ. ಆ ವರ್ಷದ ಷೆವರ್ಲೆ ಪಿಕಪ್‌ನಲ್ಲಿ ಪೆಟ್ರೋಲ್ ಟ್ಯಾಂಕ್ ಸೀಟಿನ ಹಿಂದೆ, ಕ್ಯಾಬಿನ್ ಒಳಗೇ ಇರುತ್ತದೆ. ನೀನು ಡ್ಯಾಶ್ ಕೆಳಗೆ ಮಲಗಿದರೆ ನಿನಗೂ ಟ್ಯಾಂಕ್‌ಗೂ ನಾಲ್ಕಡಿ ದೂರವೂ ಇರುವುದಿಲ್ಲ. ಕಿಡಿ ಹಾರಿದರೆ ಕಷ್ಟ. ಬ್ಯಾಟರಿ ಕಳಚಿದ್ದೀಯ, ಒಳ್ಳೇದು, ಕೇಬಲ್ ದೂರ ಕಟ್ಟಿಡು. ಎರಡೂ ಬಾಗಿಲು ತೆಗೆದಿಡು. ಪೆಟ್ರೋಲ್ ವಾಸನೆ ಇದ್ದರೆ ಅದನ್ನು ಮೊದಲು ಸರಿ ಮಾಡು, ಆಮೇಲೆ ವೈರ್. ಸೋಲ್ಡರಿಂಗ್ ಮಾತ್ರ ಗಾಡಿಯಿಂದ ಆಚೆ, ಟೇಬಲ್ ಮೇಲೆ.

ಬ್ಯಾಟರಿಯಿಂದ ಆಂಪಿಯರ್ ಮೀಟರ್‌ಗೆ ಬರುವ ವೈರ್‌ಗೆ ಫ್ಯೂಸ್ ಇಲ್ಲ, ನೆನಪಿಟ್ಟುಕೋ. ಸ್ಟಾರ್ಟರ್ ಬಿಟ್ಟರೆ ಗಾಡಿಯ ಕರೆಂಟ್ ಹೆಚ್ಚುಕಡಿಮೆ ಪೂರ್ತಿ ಆ ಮೀಟರ್‌ನ ಹಿಂದಿರುವ ಎರಡು ಸ್ಟಡ್ (ವೈರ್ ಕೂರಿಸುವ ಬೋಲ್ಟ್) ಮೂಲಕವೇ ಹೋಗುತ್ತದೆ. ಸ್ಟಡ್ ನಟ್ ಸಡಿಲ ಆದರೆ ಮುಳ್ಳು ನಡುಗುತ್ತದೆ, ಜಾಗ ಬಿಸಿ ಆಗುತ್ತದೆ, ವೈರ್ ತುದಿ ಕರಕಲಾಗುತ್ತದೆ. ನಿನ್ನ ಹೊಗೆಗೆ ಕಾರಣ ಅಲ್ಲೇ ಸಿಗಬಹುದು ಅಂತ ನನಗೆ ಅನ್ನಿಸುತ್ತದೆ.

ಇನ್ನೊಂದು, ಸೀಟ್ ಬಿಚ್ಚಿ ಆಚೆ ಇಡು. ಸೀಟ್ ಇಟ್ಟುಕೊಂಡು ಬಗ್ಗಿ ಕೆಲಸ ಮಾಡಿದರೆ ಸೊಂಟ ಹೋಗುತ್ತದೆ, ಕೆಲಸವೂ ಕೆಡುತ್ತದೆ. ಒಂದು ಹಲಗೆ, ಅದರ ಮೇಲೆ ಹಳೇ ಜಮಖಾನ ಹಾಸಿ ಮಲಗು.

ಜೀಪು ಜಯನಗರ

ನಾನು ಬೇರೆ ಮಾತು ಹೇಳುತ್ತೇನೆ, ಬೇಜಾರಾಗಬೇಡಿ. ನನ್ನ ಹಳೇ ಜೀಪ್ 12 ವೋಲ್ಟ್ ಮಾಡಿಸಿ ಎಂಟು ವರ್ಷ ಆಯಿತು, ನೆಮ್ಮದಿಯಾಗಿದ್ದೇನೆ. ಬ್ಯಾಟರಿ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ರಾತ್ರಿ ಕನಕಪುರ ರೋಡಲ್ಲಿ ಲೈಟ್ ಬಿಳುಪಾಗಿ ಬೀಳುತ್ತದೆ. 12 ವೋಲ್ಟ್ ಮಾಡಿದರೆ ಹಳೇ ಮೀಟರ್ ಬಿಸಾಕಲೇಬೇಕು ಅಂತ ಇಲ್ಲ. ಆಯಿಲ್ ಮೀಟರ್, ಟೆಂಪರೇಚರ್ ಮೀಟರ್ ಎರಡೂ ಕರೆಂಟ್ ಇಲ್ಲದೆ ಕೆಲಸ ಮಾಡುವಂಥವು. ಆಂಪಿಯರ್ ಮೀಟರ್‌ಗೆ ವೋಲ್ಟೇಜ್ ಎಷ್ಟಾದರೂ ಒಂದೇ. ಪೆಟ್ರೋಲ್ ಮೀಟರ್‌ಗೆ ಮಾತ್ರ ವೋಲ್ಟೇಜ್ ಇಳಿಸುವ ಒಂದು ಸಣ್ಣ ಸಾಮಾನು ಹಾಕಬೇಕು. ಆ ಎಲೆಕ್ಟ್ರಿಷಿಯನ್ ಹೇಳಿದ್ದರಲ್ಲಿ 12 ವೋಲ್ಟ್ ಮಾತು ಒಪ್ಪಬಹುದು, ಮೀಟರ್ ಕೀಳುವ ಮಾತು ಖಂಡಿತ ಒಪ್ಪಬೇಡಿ.

ಜೆ.ಸಿ. ರೋಡ್ ಹಳಬ

ಜೀಪಿನವರು ಹೇಳಿದ್ದು ಸುಳ್ಳಲ್ಲ. ಆದರೆ 6 ವೋಲ್ಟ್ ಕೆಟ್ಟದ್ದು ಅಂತ ಜನ ಅಂದುಕೊಂಡಿರುವುದು ಸಣ್ಣ ವೈರ್‌ನಿಂದ. ಲೆಕ್ಕ ನೋಡಿ. 45 ವ್ಯಾಟ್‌ನ ಹೆಡ್‌ಲೈಟ್ 12 ವೋಲ್ಟ್‌ನಲ್ಲಿ 3.75 ಆಂಪಿಯರ್ ಎಳೆದರೆ 6 ವೋಲ್ಟ್‌ನಲ್ಲಿ 7.5 ಎಳೆಯುತ್ತದೆ. ಎರಡು ಲೈಟ್‌ಗೆ 15 ಆಂಪಿಯರ್. ಅದಕ್ಕೇ ಆ ಕಾಲದಲ್ಲಿ ದಪ್ಪ ವೈರ್ ಹಾಕಿದ್ದರು. ಆಮೇಲೆ ಯಾರೋ ಬಂದು ಮನೆಯ ಬಲ್ಬ್‌ಗೆ ಹಾಕುವ ಸಣ್ಣ ವೈರ್ ಸೇರಿಸಿದರೆ ಅದು ಬಿಸಿ ಆಗದೆ ಇನ್ನೇನಾಗುತ್ತದೆ? ಜಾಯಿಂಟ್‌ಗಳಲ್ಲಿ ಅರ್ಧ ವೋಲ್ಟ್ ಕಳೆದುಹೋದರೆ 12ರಲ್ಲಿ ಗೊತ್ತೇ ಆಗುವುದಿಲ್ಲ, 6ರಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಬೆಳಕು ಹೋಗುತ್ತದೆ.

ನರ್ಸರಿ ಹುಡುಗ, ನಿನ್ನ ಗಾಡಿ ನೆಗೆಟಿವ್ ಅರ್ಥ್, ಅಂದರೆ ಬ್ಯಾಟರಿಯ ಮೈನಸ್ ಕಡೆ ಗಾಡಿಯ ತಗಡಿಗೆ ಸೇರಿರುತ್ತದೆ. ಅದೇ ಕಾಲದ ಫೋರ್ಡ್ ಪಾಸಿಟಿವ್ ಅರ್ಥ್. ಯಾರಾದರೂ ಹಳೇ ಗಾಡಿ ಅಂದರೆ ಪಾಸಿಟಿವ್ ಅರ್ಥ್ ಅಂತ ಹೇಳಿ ಬ್ಯಾಟರಿ ತಿರುಗಿಸಿ ಹಾಕಲು ಬಂದರೆ ಬಿಡಬೇಡ.

ಮಲ್ಲೇಶ್ವರದ ಫಾರ್ಗೋ

ನಾನು ಅಪ್ಪನ ಫಾರ್ಗೋ ಪಿಕಪ್ ಇಟ್ಟುಕೊಂಡಿದ್ದೇನೆ. ನಮ್ಮದು ಪಾಸಿಟಿವ್ ಅರ್ಥ್, ಹಳಬರು ಹೇಳಿದ ಹಾಗೆ ಗಾಡಿಗೊಂದು ರೀತಿ.

ನರ್ಸರಿಯವರೇ, ದಯವಿಟ್ಟು ಇದನ್ನು ಓದಿಯೇ ಮುಂದೆ ಹೋಗಿ. ಟೆಂಪರೇಚರ್ ಮೀಟರ್ ಹಿಂದಿನಿಂದ ಒಂದು ತೆಳು ತಾಮ್ರದ ಕೊಳವೆ ಹೊರಡುತ್ತದೆ. ಫೈರ್‌ವಾಲ್ (ಎಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ತಗಡು) ದಾಟಿ ಎಂಜಿನ್ ಹೆಡ್‌ನಲ್ಲಿ ಕೂತಿರುವ ಗುಂಡಿಗೆ, ಅಂದರೆ ಬಿಸಿ ಗ್ರಹಿಸುವ ಪುಟ್ಟ ಲೋಹದ ಬುರುಡೆಗೆ, ಸೇರುತ್ತದೆ. ಮೀಟರ್, ಕೊಳವೆ, ಗುಂಡಿ ಮೂರೂ ಸೇರಿ ಒಂದೇ ಸಾಮಾನು. ಒಳಗೆ ಈಥರ್ ತುಂಬಿ ಮುಚ್ಚಿರುತ್ತಾರೆ. ಬಿಸಿಗೆ ಈಥರ್ ಆವಿಯಾಗಿ ಒತ್ತಡ ಏರುತ್ತದೆ, ಆ ಒತ್ತಡವೇ ಮುಳ್ಳನ್ನು ತಳ್ಳುತ್ತದೆ. ಕೊಳವೆ ಎಲ್ಲಾದರೂ ಸೀಳಿದರೆ ಈಥರ್ ಹೊರಟುಹೋಗುತ್ತದೆ, ಮೀಟರ್ ಅಲ್ಲಿಗೆ ಮುಗಿಯಿತು. ನಾನು ಅದನ್ನು ವೈರ್ ಅಂದುಕೊಂಡು ಎಳೆದೆ. ಒಂದು ಸಣ್ಣ ಶಬ್ದ, ಆಸ್ಪತ್ರೆ ವಾಸನೆ. ಅಪ್ಪ ಪಕ್ಕದಲ್ಲೇ ನಿಂತಿದ್ದರು, ಏನೂ ಅನ್ನಲಿಲ್ಲ. ಇವತ್ತಿಗೂ ಅದು ನನ್ನನ್ನು ಕಾಡುತ್ತದೆ.

ಆದ್ದರಿಂದ ಮೀಟರ್ ಹೊರಗೆ ತೆಗೆಯುವ ಮೊದಲು ಎಂಜಿನ್ ಕಡೆಯ ಗುಂಡಿಯನ್ನು ಬಿಚ್ಚಿ. ಎಂಜಿನ್ ತಣ್ಣಗಿರಲಿ, ರೇಡಿಯೇಟರ್ ನೀರು ಹೆಡ್ ಮಟ್ಟಕ್ಕಿಂತ ಕೆಳಗೆ ಬರುವಷ್ಟು ಇಳಿಸಿ. ಗುಂಡಿಯ ನಟ್ ಕೊಳವೆಗೆ ಕಚ್ಚಿಕೊಂಡಿರುತ್ತದೆ, ನಟ್ ತಿರುಗಿಸಿದರೆ ಕೊಳವೆಯೂ ತಿರುಚಿಕೊಳ್ಳುತ್ತದೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ ಎರಡು ದಿನ ಬಿಡಿ. ಆಮೇಲೆ ಒಂದು ಕೈಯಲ್ಲಿ ಕೊಳವೆ ಹಿಡಿದು, ನಟ್ ಅನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಆಡಿಸುತ್ತಾ ಬನ್ನಿ. ಬರಲಿಲ್ಲ ಅಂದರೆ ನಟ್ ಅನ್ನೇ ಅರದಿಂದ ಉಜ್ಜಿ ಸೀಳಿ. ನಟ್ ಹೋದರೆ ಬೇರೆ ಮಾಡಿಸಬಹುದು.

ಹೊಸಕೋಟೆ ಟ್ರ್ಯಾಕ್ಟರ್

ಮೇಡಂ, ನಿಮ್ಮ ಫಾರ್ಗೋ ಮೀಟರ್ ಇನ್ನೂ ಇಟ್ಟುಕೊಂಡಿದ್ದೀರಾ? ಅದನ್ನು ಉಳಿಸಬಹುದು. ಹಳೇ ಟ್ರ್ಯಾಕ್ಟರ್‌ಗಳಿಗೂ ಇದೇ ಥರ ಕೊಳವೆಯ ಮೀಟರ್ ಬರುತ್ತದೆ. ಜೆ.ಸಿ. ರೋಡಲ್ಲಿ ಅಂಥದ್ದೊಂದು ತಗೊಂಡು, ಅದರ ಕೊಳವೆ ಮತ್ತು ಗುಂಡಿಯನ್ನು ನಿಮ್ಮ ಹಳೇ ಮೀಟರ್‌ಗೆ ಕಸಿ ಮಾಡಬೇಕು. ನರ್ಸರಿಯವರಿಗೆ ಕಸಿ ಗೊತ್ತೇ ಇರುತ್ತದೆ, ಅಲ್ವಾ.

ಈಥರ್ ಸುಮಾರು 35 ಡಿಗ್ರಿಗೇ ಕುದಿಯುತ್ತದೆ. ಏಪ್ರಿಲ್ ಮಧ್ಯಾಹ್ನ ನಮ್ಮೂರಲ್ಲೂ ಬೆಂಗಳೂರಲ್ಲೂ ಬಿಸಿಲು ಅಷ್ಟೇ ಇರುತ್ತದೆ. ಅದಕ್ಕೇ ಬೆಳಿಗ್ಗೆ ಬೇಗ, ಬಯಲಲ್ಲಿ ಮಾಡಿ. ಒಂದು ಬಕೆಟ್‌ನಲ್ಲಿ ಪುಡಿ ಐಸ್, ಕಲ್ಲುಪ್ಪು, ಸ್ವಲ್ಪ ನೀರು ಹಾಕಿದರೆ ಸೊನ್ನೆಗಿಂತ ಕೆಳಗೆ ಇಳಿಯುತ್ತದೆ. ಹೊಸ ಗುಂಡಿಯನ್ನು ಹತ್ತು ಹದಿನೈದು ನಿಮಿಷ ಅದರಲ್ಲಿ ಮುಳುಗಿಸಿ, ಈಥರ್ ಎಲ್ಲ ಗುಂಡಿಯೊಳಗೆ ಇಳಿದು ಕೂರುತ್ತದೆ. ಗುಂಡಿ ಐಸ್‌ನಲ್ಲಿರುವಾಗಲೇ ಕೊಳವೆ ಕತ್ತರಿಸಿ, ಹಳೇ ಮೀಟರ್‌ನ ತುದಿಗೆ ಸೇರಿಸಿ ಬೆಸುಗೆ ಹಾಕಿ. ಬೆಂಕಿಯ ಹತ್ತಿರ ಬೇಡವೇ ಬೇಡ, ಈಥರ್ ಪೆಟ್ರೋಲ್‌ಗಿಂತ ಬೇಗ ಹೊತ್ತಿಕೊಳ್ಳುತ್ತದೆ. ಐರನ್ ಬೇರೆ ಕಡೆ ಕಾಯಿಸಿ, ಪ್ಲಗ್ ತೆಗೆದು ತಂದು ಬೆಸುಗೆ ಹಾಕಿ.

ಆದ ಮೇಲೆ ಕುದಿಯುವ ನೀರಲ್ಲಿ ಗುಂಡಿ ಇಟ್ಟು ನೋಡಿ. ಬೆಂಗಳೂರು ಸಮುದ್ರಕ್ಕಿಂತ 900 ಮೀಟರ್‌ಗೂ ಮೇಲಿದೆ, ಇಲ್ಲಿ ನೀರು 97 ಡಿಗ್ರಿ ಆಸುಪಾಸಲ್ಲೇ ಕುದಿಯುತ್ತದೆ. ಹಳೇ ಮೀಟರ್ ಫ್ಯಾರನ್‌ಹೀಟ್‌ನಲ್ಲಿ ಇದ್ದರೆ 206ರ ಹತ್ತಿರ ನಿಲ್ಲಬೇಕು. 212 ಬರಲಿಲ್ಲ ಅಂತ ಮುಳ್ಳು ಬಗ್ಗಿಸಲು ಹೋಗಬೇಡಿ.

ಮಲ್ಲೇಶ್ವರದ ಫಾರ್ಗೋ

ಇಟ್ಟುಕೊಂಡಿದ್ದೇನೆ ಅಣ್ಣಾ! ಹಳೇ ಸೀರೆ ತುಂಡಿನಲ್ಲಿ ಸುತ್ತಿ ಬೀರುವಿನಲ್ಲಿದೆ. ನೀವು ಬರೆದದ್ದನ್ನು ಅಪ್ಪನಿಗೆ ಓದಿ ಹೇಳಿದೆ, ಐಸ್ ಎಲ್ಲಿ ಸಿಗುತ್ತದೆ ಅಂತ ಆಗಲೇ ವಿಚಾರಿಸುತ್ತಿದ್ದಾರೆ.

ನರ್ಸರಿ ಮೊಮ್ಮಗ

ಹತ್ತು ದಿನ ಆಯಿತು, ಎಲ್ಲಿಗೆ ಬಂದಿದ್ದೇನೆ ಅಂತ ಹೇಳುತ್ತೇನೆ.

ಗುಂಡಿಯ ನಟ್‌ಗೇ ನಾಲ್ಕು ಸಂಜೆ ಹೋಯಿತು. ಐದನೇ ದಿನ ಕೂದಲೆಳೆಯಷ್ಟು ಅಲ್ಲಾಡಿತು. ಫಾರ್ಗೋ ಮೇಡಂ, ನೀವು ಬರೆಯದೆ ಇದ್ದಿದ್ದರೆ ನಾನೂ ಖಂಡಿತ ಎಳೆದೇ ಬಿಡುತ್ತಿದ್ದೆ. ಕೊಳವೆ ಪೂರ್ತಿ ಉಳಿದಿದೆ. ಬಿಸಿನೀರಿನ ಲೋಟದಲ್ಲಿ ಇಟ್ಟಾಗ ಮುಳ್ಳು ಮೇಲೆದ್ದಿತು. ಅದನ್ನು ನೋಡಿ ಅಮ್ಮನನ್ನೂ ಕರೆದು ತೋರಿಸಿದೆ.

ಆಮೇಲೆ ವೈರ್. ಒಂದೊಂದೇ ವೈರ್ ಬಿಚ್ಚುವ ಮೊದಲು ಫೋಟೋ, ಆಮೇಲೆ ಚೀಟಿ. ಕಾಗದದ ಚೀಟಿ ಎಣ್ಣೆಗೆ ನೆನೆದುಹೋಗುತ್ತದೆ ಅಂತ ನರ್ಸರಿಯಲ್ಲಿ ಗಿಡಗಳಿಗೆ ಕಟ್ಟುವ ಅಲ್ಯೂಮಿನಿಯಂ ತಗಡಿನ ಚೀಟಿ ತಂದೆ, ಮೊಳೆಯಿಂದ ಗೀಚಿ ಹೆಸರು ಬರೆದೆ. ಬ್ಯಾಟರಿ ಕನೆಕ್ಟ್ ಮಾಡುವ ಮೊದಲು ಎಲ್ಲ ತಗಡನ್ನೂ ತೆಗೆಯುತ್ತೇನೆ, ಯಾರೂ ಹೆದರಬೇಡಿ.

ಹಳಬರು ಹೇಳಿದ್ದು ಸರಿಯಾಗಿತ್ತು. ಆಂಪಿಯರ್ ಮೀಟರ್‌ನ ಒಂದು ಸ್ಟಡ್‌ಗೆ ಬರುವ ದಪ್ಪ ಹಳೇ ವೈರ್‌ಗೆ ಗಂಟು ಹಾಕಿ ಮನೆ ವೈರ್ ಸೇರಿಸಿದ್ದರು. ಗಂಟು ಇದ್ದ ಜಾಗ ಕಲ್ಲಿದ್ದಲಿನ ಹಾಗೆ ಆಗಿತ್ತು. ಫೈರ್‌ವಾಲ್ ತೂತಿನ ರಬ್ಬರ್ ಬುಷ್ ಪುಡಿಯಾಗಿ ತಗಡಿನ ಅಂಚು ವೈರ್‌ನ ಬಟ್ಟೆಯನ್ನು ಅರ್ಧ ಕೊಯ್ದಿತ್ತು. ಇನ್ನೊಂದು ತಿಂಗಳು ಹಾಗೇ ಓಡಿಸಿದ್ದರೆ ಏನಾಗುತ್ತಿತ್ತೋ.

ಒಂದು ವಿಷಯ ಹೇಳಲೇಬೇಕು. ಒಳಗೆ, ಸ್ಪೀಡೋಮೀಟರ್ ಕೇಬಲ್ ಪಕ್ಕ, ವೈರ್ ಕಟ್ಟನ್ನು ಬ್ರಾಕೆಟ್‌ಗೆ ಬಾಳೆನಾರಿನಿಂದ ಕಟ್ಟಿದ್ದರು. ಗಿಡಕ್ಕೆ ಆಸರೆ ಕೋಲು ಕಟ್ಟುವಾಗ ತಾತ ಹಾಕುತ್ತಿದ್ದ ಅದೇ ಗಂಟು, ನಮಗೂ ಅದನ್ನೇ ಕಲಿಸಿದ್ದರು. ಮುಟ್ಟಿದ ತಕ್ಷಣ ಪುಡಿಯಾಯಿತು. ಸ್ವಲ್ಪ ಹೊತ್ತು ಹಾಗೇ ಮಲಗಿದ್ದೆ.

ಈಗ ಕೇಳಬೇಕಾದ್ದು: ಪೆಟ್ರೋಲ್ ಮುಳ್ಳು ಯಾಕೆ ಫುಲ್‌ನಲ್ಲೇ ನಿಲ್ಲುತ್ತದೆ? ಮೀಟರ್ ಹೋಗಿದೆಯಾ, ಟ್ಯಾಂಕ್ ಒಳಗಿನ ಫ್ಲೋಟ್ ಹೋಗಿದೆಯಾ?

ಜೆ.ಸಿ. ರೋಡ್ ಹಳಬ

ಓದಿ ಸಂತೋಷ ಆಯಿತು. ಆ ಗಂಟು ನಿನಗೆ ಬರುತ್ತದಲ್ಲ, ವೈರ್ ಕಟ್ಟಲು ಅದನ್ನೇ ಹಾಕು. ಬಾಳೆನಾರಿನ ಬದಲು ಮೇಣದ ದಾರ ತಗೋ.

ಪೆಟ್ರೋಲ್ ಮೀಟರ್‌ದು ಸುಲಭ. ಟ್ಯಾಂಕ್‌ನಲ್ಲಿರುವ ಫ್ಲೋಟ್ ಖಾಲಿ ಇದ್ದಾಗ ಸೊನ್ನೆ ಓಮ್, ತುಂಬಿದಾಗ 30 ಓಮ್ ತೋರಿಸುತ್ತದೆ; ಓಮ್ ಅಂದರೆ ಕರೆಂಟ್‌ಗೆ ಇರುವ ತಡೆಯ ಅಳತೆ. ಅಂದರೆ ಟ್ಯಾಂಕ್‌ನಿಂದ ಬರುವ ವೈರ್ ಎಲ್ಲಾದರೂ ಕಡಿದಿದ್ದರೆ, ಇಲ್ಲವೇ ಟ್ಯಾಂಕ್‌ಗೆ ಅರ್ಥ್ ಸಿಗದಿದ್ದರೆ, ಮೀಟರ್‌ಗೆ ಅದು ಫುಲ್ ಥರ ಕಾಣುತ್ತದೆ. ಪರೀಕ್ಷೆಯನ್ನು ಮೀಟರ್ ಹತ್ತಿರ ಮಾಡು, ಟ್ಯಾಂಕ್ ಹತ್ತಿರ ಬೇಡ. ಆ ವೈರ್ ಬಿಚ್ಚಿ, ಮೀಟರ್‌ನ ಆ ಟರ್ಮಿನಲ್‌ನಿಂದ ಗಾಡಿಯ ಬಾಡಿ ತಗಡಿಗೆ ಒಂದು ತುಂಡು ವೈರ್ ಮೊದಲೇ ಕಟ್ಟಿ, ಆಮೇಲೆ ಕೀ ಆನ್ ಮಾಡು. ಮುಳ್ಳು ಎಂಪ್ಟಿಗೆ ಇಳಿದರೆ ಮೀಟರ್ ಚೆನ್ನಾಗಿದೆ. ನನ್ನ ಅನುಭವದಲ್ಲಿ ಹತ್ತಕ್ಕೆ ಎಂಟು ಗಾಡಿಯಲ್ಲಿ ಅರ್ಥ್‌ದೇ ತೊಂದರೆ.

ನಿನ್ನ ಮೀಟರ್ ಬಲ್ಬ್‌ಗಳೂ ಅದಕ್ಕೇ ಉರಿಯುತ್ತಿಲ್ಲ ಅಂತ ಕಾಣುತ್ತದೆ. ಆ ಬಲ್ಬ್‌ಗಳಿಗೆ ಬೇರೆ ಅರ್ಥ್ ವೈರ್ ಇಲ್ಲ, ಹೋಲ್ಡರ್‌ನಿಂದ ಮೀಟರ್ ಡಬ್ಬಿ, ಡಬ್ಬಿಯಿಂದ ಡ್ಯಾಶ್ ತಗಡು, ಹೀಗೆ ಹೋಗುತ್ತದೆ. ಡ್ಯಾಶ್‌ಗೆ ಯಾವಾಗಲಾದರೂ ಪೇಂಟ್ ಮಾಡಿಸಿದ್ದೀರಾ?

ನರ್ಸರಿ ಮೊಮ್ಮಗ

ಮಾಡಿಸಿದ್ದೇವೆ! ಅಕ್ಕನ ಮದುವೆಗೆ ಗಾಡಿ ಪೂರ್ತಿ ಹಸಿರು ಪೇಂಟ್ ಆಗಿತ್ತು. ಅಲ್ಲಿಂದಲೇ ಬಲ್ಬ್ ಹೋಗಿದ್ದು, ಈಗ ನೆನಪಾಗುತ್ತಿದೆ.

ಜೆ.ಸಿ. ರೋಡ್ ಹಳಬ

ಸರಿ, ಅಲ್ಲೇ ಇದೆ. ಮೀಟರ್ ಕೂರುವ ಜಾಗದ ಹಿಂಬದಿ, ಯಾರಿಗೂ ಕಾಣದ ಕಡೆ, ಬೆರಳಗಲ ಪೇಂಟ್ ಕೆರೆದು ಹಲ್ಲಿರುವ ವಾಷರ್ ಹಾಕು. ಟ್ಯಾಂಕ್‌ಗೂ ಗಾಡಿಯ ಬಾಡಿ ತಗಡಿಗೂ ನಡುವೆ ಒಂದು ಅರ್ಥ್ ವೈರ್ ಹಾಕು.

ಬಸವನಗುಡಿ ಬೆಂಚ್ ಸೀಟ್

ಮೀಟರ್ ಹೊರಗೆ ಬಂದಿರುವಾಗಲೇ ಇನ್ನೆರಡು ಕೆಲಸ ಮುಗಿಸಿಬಿಡಿ, ಮತ್ತೆ ಮತ್ತೆ ಬಿಚ್ಚುವ ಕೆಲಸ ಅಲ್ಲ ಇದು. ಆಯಿಲ್ ಮೀಟರ್‌ನ ಕೊಳವೆಯಲ್ಲಿ ಎಂಜಿನ್ ಆಯಿಲ್ ನಿಜವಾಗಿಯೂ ಮೀಟರ್‌ವರೆಗೆ ಬರುತ್ತದೆ. ಹಳೇ ತಾಮ್ರ ಗಡುಸಾಗಿ ಬಿರುಕು ಬಿಟ್ಟರೆ ಬಿಸಿ ಆಯಿಲ್ ನೇರ ನಿಮ್ಮ ಕಾಲ ಮೇಲೆ. ಎಂಜಿನ್ ನಡುಗುತ್ತದೆ, ಬಾಡಿ ನಡುಗುವುದಿಲ್ಲ, ಅದಕ್ಕೇ ನಡುವೆ ಒಂದು ಬಾಗುವ ಹೋಸ್ ತುಂಡು ಇರಬೇಕು. ಮತ್ತೆ 216 ಎಂಜಿನ್‌ನಲ್ಲಿ ಆಯಿಲ್ ಒತ್ತಡವೇ ಕಡಿಮೆ. ಮೀಟರ್ 30 ಪೌಂಡ್‌ಗೆ (ಪಿಎಸ್‌ಐ) ಮುಗಿಯುತ್ತದೆ, ಓಡುವಾಗ 14ರ ಸುತ್ತಮುತ್ತ ಇರುತ್ತದೆ, ಬಿಸಿಯಾಗಿ ಸಿಗ್ನಲ್‌ನಲ್ಲಿ ನಿಂತಾಗ ಇನ್ನೂ ಕೆಳಗಿಳಿಯುತ್ತದೆ. ಇದು ಗೊತ್ತಿಲ್ಲದೆ ಚೆನ್ನಾಗಿದ್ದ ಎಂಜಿನ್ ಬಿಚ್ಚಿಸಿದವರನ್ನು ನೋಡಿದ್ದೇನೆ.

ಸ್ಪೀಡೋಮೀಟರ್ ಕೇಬಲ್ ಒಳಗಿನ ತಂತಿ ಎಳೆದು ಒರೆಸಿ ತೆಳ್ಳಗೆ ಗ್ರೀಸ್ ಹಚ್ಚಿ. ಮೇಲಿನ ಒಂದು ಗೇಣು ಮಾತ್ರ ಒಣಗಿರಲಿ, ಇಲ್ಲದಿದ್ದರೆ ಗ್ರೀಸ್ ತಿರುಗುತ್ತಾ ಮೇಲೇರಿ ಮೀಟರ್ ಒಳಗೆ ಸೇರುತ್ತದೆ.

ಇನ್ನು ಪೇಪರ್ ವಿಷಯ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳ ನಿಯಮ ತಂದಿತಲ್ಲ, 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಗೆ ವಿಎ ಅಕ್ಷರದ ನಂಬರ್ ಕೊಡುತ್ತಾರೆ. ಮುಂದೆ ಯಾವತ್ತಾದರೂ ಅದಕ್ಕೆ ಹೋಗುವುದಾದರೆ ಹಳೇ ಡ್ಯಾಶ್ ಹಾಗೇ ಉಳಿಸಿದ್ದಕ್ಕೆ ನೀವು ಖುಷಿ ಪಡುತ್ತೀರಿ.

ಜೀಪು ಜಯನಗರ

ಬಾಳೆನಾರಿನ ವಿಷಯ ಓದಿದ ಮೇಲೆ 12 ವೋಲ್ಟ್ ಮಾತು ಮತ್ತೆ ಎತ್ತುವುದಿಲ್ಲ. 6 ವೋಲ್ಟ್ ಬಲ್ಬ್ ಬೇಕಾದರೆ ಹಳೇ ಸ್ಕೂಟರ್, ಹಳೇ ಬುಲೆಟ್ ಸಾಮಾನಿನ ಅಂಗಡಿಗಳಲ್ಲಿ ಕೇಳಿ, ಅವೂ 6 ವೋಲ್ಟ್ ಗಾಡಿಗಳೇ. ಶಿವಾಜಿನಗರದ ಗುಜರಿ ಕಡೆಯೂ ಸಿಗುತ್ತದೆ. ನಿಮ್ಮ ಹೋಲ್ಡರ್ ಒಂದನ್ನು ಜೇಬಲ್ಲಿ ಹಾಕಿಕೊಂಡು ಹೋಗಿ, ಕೂರಿಸಿ ನೋಡಿಯೇ ತಗೊಳ್ಳಿ.

ನರ್ಸರಿ ಮೊಮ್ಮಗ

ನಿನ್ನೆ ರಾತ್ರಿ ಕೆಲಸ ಮುಗಿಯಿತು.

ಬ್ಯಾಟರಿಯಿಂದ ಆಂಪಿಯರ್ ಮೀಟರ್‌ಗೆ, ಅಲ್ಲಿಂದ ಲೈಟ್ ಸ್ವಿಚ್‌ಗೆ 6 ಸ್ಕ್ವೇರ್ ಎಂಎಂ ಆಟೋ ವೈರ್ ಹಾಕಿದೆ. ಬ್ಯಾಟರಿ ಹತ್ತಿರ ಒಂದು ಫ್ಯೂಸ್ ಸೇರಿಸಿದೆ, ಅದು ಮೂಲದಲ್ಲಿ ಇರಲಿಲ್ಲ, ಆದರೆ ಸೀಟಿನ ಹಿಂದೆ ಟ್ಯಾಂಕ್ ಇಟ್ಟುಕೊಂಡು ಅದಿಲ್ಲದೆ ಮಕ್ಕಳನ್ನು ಕೂರಿಸಲು ನನಗೆ ಧೈರ್ಯ ಬರಲಿಲ್ಲ. ಚೆನ್ನಾಗಿದ್ದ ಹಳೇ ಬಟ್ಟೆ ವೈರ್ ಒಂದೇ ಒಂದು ಸಿಕ್ಕಿತು, ಹಾರ್ನ್‌ದು. ಅದನ್ನು ಹಾಗೇ ಬಿಟ್ಟಿದ್ದೇನೆ. ಉಳಿದದ್ದನ್ನು ಬಾಗಿಸಿದರೆ ಹಪ್ಪಳದ ಹಾಗೆ ಮುರಿಯುತ್ತಿತ್ತು. ಟೆಂಪರೇಚರ್ ಕೊಳವೆಯನ್ನು ಫೈರ್‌ವಾಲ್ ದಾಟಿದ ಮೇಲೆ ಎರಡು ಸುತ್ತು ದೊಡ್ಡದಾಗಿ ಸುತ್ತಿ ಬಿಟ್ಟಿದ್ದೇನೆ, ಎಂಜಿನ್ ನಡುಗಿದರೂ ಎಳೆತ ಬೀಳುವುದಿಲ್ಲ. ತಗಡಿನ ಚೀಟಿ 23 ಕಟ್ಟಿದ್ದೆ, 23ನ್ನೂ ಎಣಿಸಿ ತೆಗೆದೆ.

ಕೀ ತಿರುಗಿಸಿದಾಗ ಪೆಟ್ರೋಲ್ ಮುಳ್ಳು ನಿಧಾನವಾಗಿ ಕಾಲು ಟ್ಯಾಂಕ್‌ಗೆ ಇಳಿದು ನಿಂತಿತು. ನಾನು ಐದು ಲೀಟರ್ ಕ್ಯಾನ್ ಮೂರು ಸಲ ಹಾಕಿದ್ದು ಸರಿಯಾಗಿದೆ. ಲೈಟ್ ಸ್ವಿಚ್ ಎಳೆದೆ. ಎರಡೂ ದುಂಡು ಮೀಟರ್ ಹಳದಿಯಾಗಿ ಬೆಳಗಿದವು. ಹತ್ತೂವರೆ ಮೇಲೆ ರೋಡ್ ಖಾಲಿ ಆದಾಗ ಅಮ್ಮನನ್ನು ಕೂರಿಸಿಕೊಂಡು ಲಾಲ್‌ಬಾಗ್ ಸುತ್ತ ಒಂದು ಸುತ್ತು ಬಂದೆ. ಸ್ಪೀಡೋಮೀಟರ್ ಮೈಲಿಯಲ್ಲಿ 20 ತೋರಿಸುತ್ತಿತ್ತು, ಅಂದರೆ 32 ಕಿಲೋಮೀಟರ್. ಅಮ್ಮ ರೋಡ್ ನೋಡಲೇ ಇಲ್ಲ, ಮೀಟರ್‌ಗಳನ್ನೇ ನೋಡುತ್ತಾ ಕೂತಿದ್ದರು. ಫ್ಲವರ್ ಶೋಗೆ ಗಿಡ ಸಾಗಿಸುವಾಗ ಬೆಳಗಿನ ಜಾವ ತಾತನ ಪಕ್ಕ ಕೂತು ಇದೇ ಬೆಳಕು ನೋಡುತ್ತಿದ್ದರಂತೆ.

ಒಂದೇ ಒಂದು ತೊಂದರೆ ಉಳಿದಿದೆ. ಡೈನಮೋದಿಂದ ಬ್ಯಾಟರಿಗೆ ಹೋಗುವ ಚಾರ್ಜ್ ಹದ ಮಾಡುವ ರೆಗ್ಯುಲೇಟರ್‌ನ ವೈರ್ ಬಿಚ್ಚಿ ಹಾಕಿದ ಮೇಲೆ ಆಂಪಿಯರ್ ಮುಳ್ಳು ಚಾರ್ಜ್ ಕಡೆಗೆ ಹೋಗುತ್ತಲೇ ಇಲ್ಲ. ಡೈನಮೋ ಹೋಯಿತಾ ಹಳಬರೇ?

ಜೆ.ಸಿ. ರೋಡ್ ಹಳಬ

ಹೋಗಿಲ್ಲ. ರೆಗ್ಯುಲೇಟರ್ ಬಿಚ್ಚಿದ ಮೇಲೆ ಡೈನಮೋಗೆ ಒಂದು ಸಲ ದಿಕ್ಕು ಹೇಳಿಕೊಡಬೇಕು. ಎಂಜಿನ್ ನಿಂತಿರಲಿ, ವೈರ್ ಎಲ್ಲ ಕನೆಕ್ಟ್ ಆಗಿರಲಿ. ರೆಗ್ಯುಲೇಟರ್‌ನ ಬ್ಯಾಟರಿ ಟರ್ಮಿನಲ್‌ನಿಂದ ಡೈನಮೋ ಆರ್ಮೇಚರ್ ಟರ್ಮಿನಲ್‌ಗೆ ಒಂದು ವೈರ್ ತುಂಡನ್ನು ಕ್ಷಣ ಮಾತ್ರ ಮುಟ್ಟಿಸಿ ತೆಗೆ. ಸಣ್ಣ ಕಿಡಿ ಬರುತ್ತದೆ, ಅದು ಬಾನೆಟ್ ಒಳಗೆ, ಆದರೂ ಪೆಟ್ರೋಲ್ ಪೈಪ್ ಸೋರುತ್ತಿಲ್ಲ ಅಂತ ಮೊದಲು ನೋಡಿಕೋ. ಫೀಲ್ಡ್ ಟರ್ಮಿನಲ್ ಮುಟ್ಟಬೇಡ.

ನರ್ಸರಿ ಮೊಮ್ಮಗ

ಈಗಷ್ಟೇ ಮಾಡಿದೆ. ಸ್ಟಾರ್ಟ್ ಮಾಡಿ ಸ್ವಲ್ಪ ರೇಸ್ ಕೊಟ್ಟ ತಕ್ಷಣ ಮುಳ್ಳು ಚಾರ್ಜ್ ಕಡೆಗೆ ಹೋಯಿತು, ನಡುಗದೆ ನಿಂತಿದೆ. ಹಳಬರೇ, ಈ ಭಾನುವಾರ ಮನೆಯಲ್ಲಿ ಇರುತ್ತೀರಾ? ಗಾಡಿ ತರುತ್ತೇನೆ, ಜೊತೆಗೆ ನಿಮಗೊಂದು ಕಸಿ ಮಾವಿನ ಗಿಡವೂ ಇದೆ.